ಗೊಬ್ಬರದ ಚೀಲದ ಮೇಲಿನ 46

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕಡೆ ಕಬ್ಬು, ಭತ್ತ ಬೆಳೆಯುವ ಮನೆಗಳಲ್ಲಿ ಯೂರಿಯಾ ಚೀಲ ಇಲ್ಲದ ಕೊಟ್ಟಿಗೆ ಸಿಗುವುದು ಕಷ್ಟ. ಗೊಬ್ಬರ ಮುಗಿದರೂ ಚೀಲವನ್ನು ಯಾರೂ ಎಸೆಯುವುದಿಲ್ಲ. ಅದರಲ್ಲಿ ಹುಲ್ಲು ಹೊರುತ್ತಾರೆ, ಮಳೆ ಹಿಡಿದರೆ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರೆ. ಅದರ ಮೇಲೆ ಏನು ಅಚ್ಚಾಗಿದೆ ಎಂದು ನೋಡುವವರು ಮಾತ್ರ ಕಡಿಮೆ. ನೀವು ನೋಡಿ: ತೂಕ 45 ಕೆಜಿ, ಬೇವು ಲೇಪಿತ, ಸಾರಜನಕ ನೂರಕ್ಕೆ 46.

ಸಾರಜನಕಕ್ಕೆಂದೇ ದುಡ್ಡು ಕೊಟ್ಟು ಚೀಲ ತಂದರೆ, ಅದರಲ್ಲಿ ಸಾರಜನಕ ಅರ್ಧಕ್ಕಿಂತ ಕಡಿಮೆ! ಮಿಕ್ಕ 54 ಪಾಲು ಏನು? ಕಲಬೆರಕೆಯೇ?

ಅಲ್ಲ. ಯೂರಿಯಾದ ಒಂದು ಅಣುವಿನಲ್ಲಿ ಎಂಟು ಪರಮಾಣುಗಳಿವೆ. ಇಂಗಾಲ ಒಂದು, ಆಮ್ಲಜನಕ ಒಂದು, ಸಾರಜನಕ ಎರಡು, ಜಲಜನಕ ನಾಲ್ಕು. ಜಲಜನಕದ ಪರಮಾಣು ಎಲ್ಲಕ್ಕಿಂತ ಹಗುರ. ಅದರ ತೂಕವನ್ನು 1 ಎಂದು ಹಿಡಿದರೆ ಇಂಗಾಲ 12, ಸಾರಜನಕ 14, ಆಮ್ಲಜನಕ 16. ಕೂಡಿಸಿ: 12, 16, ಎರಡು ಹದಿನಾಲ್ಕು 28, ಜಲಜನಕದ 4. ಒಟ್ಟು 60. ಈ 60ರಲ್ಲಿ ಸಾರಜನಕದ ಪಾಲು 28, ಅಂದರೆ ನೂರಕ್ಕೆ 46.67. ಎಷ್ಟೇ ಅಪ್ಪಟ ಯೂರಿಯಾ ತಂದರೂ ಇದಕ್ಕಿಂತ ಮೇಲೆ ಏರದು. ಸ್ವಲ್ಪ ತೇವ, ಸ್ವಲ್ಪ ಬೇರೆ ವಸ್ತು ಸೇರಿಕೊಳ್ಳುವುದರಿಂದ ಚೀಲದ ಮೇಲೆ ಕನಿಷ್ಠ 46 ಎಂದು ಅಚ್ಚು ಹಾಕುತ್ತಾರೆ. (ಹಸುವಿನ ಗಂಜಲದಲ್ಲಿರುವುದೂ ಇದೇ ಯೂರಿಯಾ. 1828ರಲ್ಲಿ ಜರ್ಮನಿಯ ಫ್ರೆಡರಿಕ್ ವೋಲರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದಾಗ ದೊಡ್ಡ ದೊಡ್ಡ ವಿಜ್ಞಾನಿಗಳೇ ಬೆರಗಾದರು.)

ಜಾಣ ಹುಡುಗಿಯೊಬ್ಬಳು ಇಲ್ಲೇ ತಡೆದು ಕೇಳಬೇಕು: ಕಣ್ಣಿಗೇ ಕಾಣದ ಪರಮಾಣುವನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ?

ಒಂದೊಂದನ್ನೇ ತೂಗಬೇಕಿಲ್ಲ. ಪಾಂಡವಪುರ ತಾಲ್ಲೂಕಿನವರಿಗೆ ಮೇಲುಕೋಟೆ ದೂರವಲ್ಲ. ಅಲ್ಲಿನ ದೇವಸ್ಥಾನದ ಹುಂಡಿ ತೆರೆದು, ಒಂದು ರೂಪಾಯಿಯ ನಾಣ್ಯಗಳನ್ನು ಒಂದು ಕಡೆ, ಎರಡು ರೂಪಾಯಿಯವನ್ನು ಇನ್ನೊಂದು ಕಡೆ ಗುಡ್ಡೆ ಹಾಕಿದರು ಎಂದಿಟ್ಟುಕೊಳ್ಳಿ. 2011ರ ಸರಣಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ ತೂಗುತ್ತದೆ, ಎರಡು ರೂಪಾಯಿಯದು 4.85 ಗ್ರಾಂ. ಮೊದಲ ಗುಡ್ಡೆ 37.9 ಕೆಜಿ, ಎರಡನೆಯದು 48.5 ಕೆಜಿ ತೂಗಿದರೆ ಎಣಿಸುವ ಗೋಜೇ ಇಲ್ಲ; ಎರಡರಲ್ಲೂ ಇರುವುದು ಹತ್ತತ್ತು ಸಾವಿರ ನಾಣ್ಯ. ತೂಕ ಬೇರೆ, ಎಣಿಕೆ ಒಂದೇ. ಹಾಗೆಯೇ 12 ಗ್ರಾಂ ಇಂಗಾಲದಲ್ಲಿ ಎಷ್ಟು ಪರಮಾಣುಗಳಿವೆಯೋ 14 ಗ್ರಾಂ ಸಾರಜನಕದಲ್ಲೂ ಅಷ್ಟೇ, 16 ಗ್ರಾಂ ಆಮ್ಲಜನಕದಲ್ಲೂ ಅಷ್ಟೇ. 60 ಗ್ರಾಂ ಯೂರಿಯಾದಲ್ಲಿ ಅಷ್ಟೇ ಅಣುಗಳು. ಈ ಎಣಿಕೆಗೆ ರಸಾಯನಶಾಸ್ತ್ರದಲ್ಲಿ ಒಂದು ಮೋಲ್ ಎನ್ನುತ್ತಾರೆ.

ಹೈಸ್ಕೂಲಿನಲ್ಲಿ ಮೋಲ್ ಬಂತೆಂದರೆ ಸೂತ್ರ ಬಾಯಿಪಾಠ ಮಾಡಿ ಪಾರಾಗುವವರೇ ಹೆಚ್ಚು. ಮೋಲ್ ಎಂದರೆ ಒಂದು ತೂಕ ಎಂದೇ ತಿಳಿದು ಕಾಲೇಜಿಗೆ ಹೋದವರೂ ಇದ್ದಾರೆ. ಅದು ಡಜನ್ ಇದ್ದಂತೆ, ಬರೀ ಎಣಿಕೆ. ಆದರೆ ಎಂಥ ಎಣಿಕೆ! 602214076 ಎಂದು ಬರೆದು ಅದರ ಮುಂದೆ 15 ಸೊನ್ನೆ ಹಾಕಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಒಂದು ಗುಟುಕು ನೀರು 18 ಗ್ರಾಂ ಇದ್ದರೆ ಅಷ್ಟು ಅಣುಗಳು ನಿಮ್ಮ ಗಂಟಲಲ್ಲಿ ಇಳಿದವು ಎಂದಾಯಿತು.

ಈ ಸಂಖ್ಯೆಗೆ ಇಟಲಿಯ ಅವೊಗಾಡ್ರೊ ಹೆಸರಿದೆ. ಅವನಿಗೇ ಈ ಸಂಖ್ಯೆ ಎಷ್ಟೆಂದು ಗೊತ್ತಿರಲಿಲ್ಲ! ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿರುವ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ ಎಂದು 1811ರಲ್ಲಿ ಅವನು ಹೇಳಿದ, ಅಷ್ಟೇ. ಸುಮಾರು ನೂರು ವರ್ಷದ ನಂತರ, 1909ರಲ್ಲಿ, ಫ್ರಾನ್ಸಿನ ಜಾನ್ ಪೆರಾಂ ಈ ಸಂಖ್ಯೆಗೆ ಅವನ ಹೆಸರಿಟ್ಟ. ಮೋಲ್ 1971ರಲ್ಲಿ ಮೀಟರ್, ಕಿಲೋಗ್ರಾಂಗಳ ಸಾಲಿನಲ್ಲಿ ಮೂಲಮಾನವಾಗಿ ಸೇರಿತು. 2019ರ ಮೇ 20ರಿಂದ ಆ ಸಂಖ್ಯೆಯನ್ನೇ ಕಾಯಂ ಮಾಡಿಬಿಟ್ಟಿದ್ದಾರೆ.

ಈಗ ಚೀಲವನ್ನೇ ಮೋಲಿನಲ್ಲಿ ಅಳೆಯೋಣ. 45 ಕೆಜಿ ಅಂದರೆ 45,000 ಗ್ರಾಂ. 60ರಿಂದ ಭಾಗಿಸಿದರೆ 750 ಮೋಲ್ ಯೂರಿಯಾ. ಪ್ರತಿ ಅಣುವಿನಲ್ಲಿ ಸಾರಜನಕ ಎರಡಿರುವುದರಿಂದ 1,500 ಮೋಲ್ ಸಾರಜನಕ. ಅದನ್ನು 14ರಿಂದ ಗುಣಿಸಿದರೆ 21 ಕೆಜಿ. ಇಡೀ ಚೀಲ ಅಪ್ಪಟವಾಗಿದ್ದರೆ ಗದ್ದೆಗೆ ಬೀಳುವ ಸಾರಜನಕ ಅಷ್ಟು. (2018ಕ್ಕೆ ಮುಂಚೆ ಚೀಲ 50 ಕೆಜಿಯದಿತ್ತು. ಮನೆಯಲ್ಲಿ ಹಿರಿಯರು ಇನ್ನೂ ಹಳೇ ಚೀಲದ ಲೆಕ್ಕದಲ್ಲೇ ಎಕರೆಗೆ ಇಷ್ಟು ಎನ್ನುತ್ತಿದ್ದರೆ ಈ ಲೆಕ್ಕ ಒಮ್ಮೆ ತೋರಿಸಿ.)

ಕಾರ್ಖಾನೆಯವರದೂ ಇದೇ ಲೆಕ್ಕ. ಮಂಗಳೂರಿನ ಪಣಂಬೂರಿನ ಕಾರ್ಖಾನೆಯಲ್ಲಿ 1976ರಿಂದ ಯೂರಿಯಾ ತಯಾರಾಗುತ್ತಿದೆ. ಎರಡು ಮೋಲ್ ಅಮೋನಿಯಾ 34 ಗ್ರಾಂ, ಒಂದು ಮೋಲ್ ಇಂಗಾಲದ ಡೈಆಕ್ಸೈಡ್ 44 ಗ್ರಾಂ. ಇವು ಕೂಡಿದರೆ 60 ಗ್ರಾಂ ಯೂರಿಯಾ, 18 ಗ್ರಾಂ ನೀರು. ಅತ್ತ 78, ಇತ್ತ 78. ಅಮೋನಿಯಾ 34 ಗ್ರಾಂ ಮಾತ್ರ ಇದ್ದು ಇಂಗಾಲದ ಡೈಆಕ್ಸೈಡ್ 100 ಗ್ರಾಂ ತುಂಬಿದರೂ ಯೂರಿಯಾ 60 ಗ್ರಾಂ ದಾಟುವುದಿಲ್ಲ. ಹೆಚ್ಚಿಗೆ ಹಾಕಿದ್ದು ಹಾಗೇ ಉಳಿಯುತ್ತದೆ.

ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು ಕಬ್ಬಿನ ಗದ್ದೆಯೊಳಗೆ ನಡೆಯುವ ಲೆಕ್ಕ. ಸಕ್ಕರೆಯ ಅಣುವಿನಲ್ಲಿ ಇಂಗಾಲ 12, ಜಲಜನಕ 22, ಆಮ್ಲಜನಕ 11. ಒಂದು ಮೋಲ್ ಅಂದರೆ 342 ಗ್ರಾಂ. ಇನ್ನೊಮ್ಮೆ ಓದಿ, ಸಾರಜನಕ ಎಲ್ಲಿದೆ? ಇಲ್ಲವೇ ಇಲ್ಲ! ಸೊಸೈಟಿ ಮುಂದೆ ಸಾಲಿನಲ್ಲಿ ನಿಂತು ತಂದ ಯೂರಿಯಾದ ಒಂದು ಪರಮಾಣು ಸಾರಜನಕವೂ ಸಕ್ಕರೆಯೊಳಕ್ಕೆ ಹೋಗುವುದಿಲ್ಲ. ಕೈ ಕೊಯ್ಯುವ ಆ ಹಸಿರು ಗರಿ ಗಾಳಿಯಿಂದ 12 ಮೋಲ್ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಬೇರು ತಂದ ನೀರಿನಲ್ಲಿ 11 ಮೋಲ್ ಸೇರಿಸಿ, ಬಿಸಿಲಿನ ಬಲದಿಂದ ಒಂದು ಮೋಲ್ ಸಕ್ಕರೆ ಕಟ್ಟುತ್ತದೆ. 12 ಮೋಲ್ ಆಮ್ಲಜನಕವನ್ನು, ಎರಡೆರಡು ಪರಮಾಣು ಸೇರಿದ ಅಣುಗಳಾಗಿ, ಹೊರಗೆ ಬಿಡುತ್ತದೆ. ತೂಕ ನೋಡಿ: 528 ಮತ್ತು 198 ಸೇರಿ 726. ಆ ಕಡೆ 342 ಮತ್ತು 384, ಅದೂ 726.

ಒಂದು ಕೆಜಿ ಸಕ್ಕರೆಗೆ ಸುಮಾರು 1.54 ಕೆಜಿ ಇಂಗಾಲದ ಡೈಆಕ್ಸೈಡ್ ಬೇಕು. ಗಾಳಿಯಲ್ಲಿ ಅದು ಇರುವುದು ಹತ್ತು ಲಕ್ಷ ಅಣುಗಳಲ್ಲಿ ಸುಮಾರು 420 ಮಾತ್ರ. ಮೋಲಿನ ಲೆಕ್ಕ ಮುಂದುವರಿಸಿದರೆ, ಉದ್ದ 20 ಮೀಟರ್, ಅಗಲ 20 ಮೀಟರ್, ಎತ್ತರ 5 ಮೀಟರ್ ಇರುವ ಜಾಗದ ಗಾಳಿಯಲ್ಲಿನ ಡೈಆಕ್ಸೈಡನ್ನೆಲ್ಲ ಸೋಸಿ ತೆಗೆದರೆ ಒಂದು ಕೆಜಿಗೆ ಆಗುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಸಿಹಿಯಲ್ಲಿ ಮಣ್ಣಿನದಕ್ಕಿಂತ ಗಾಳಿಯದೇ ದೊಡ್ಡ ಪಾಲು.

ಹಾಗಾದರೆ ಯೂರಿಯಾ ಏಕೆ ಹಾಕಬೇಕು? ಸಕ್ಕರೆ ಕಟ್ಟುವ ಗರಿಗೆ. ಗರಿಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಒಂದೊಂದು ಅಣುವಿನಲ್ಲೂ ನಾಲ್ಕು ಸಾರಜನಕದ ಪರಮಾಣುಗಳಿವೆ. ಗಿಡದ ಪ್ರೋಟೀನುಗಳಿಗೂ ಸಾರಜನಕ ಬೇಕೇ ಬೇಕು. ಹಾಗೆಂದು ಸುರಿದರೆ ಕಬ್ಬು ಸೊಕ್ಕಿ ಬೆಳೆಯುತ್ತದೆ, ಹಾಲಿನಲ್ಲಿ ಸಿಹಿ ಇಳಿಯುತ್ತದೆ. ಅಂಥ ಕಬ್ಬಿನ ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ ಎನ್ನುವುದು ಆಲೆಮನೆಯವರಿಗೆ ಗೊತ್ತು.

ರಂಜಕದ ಗೊಬ್ಬರವಾದ ಡಿಎಪಿಯ ಚೀಲದ ಮೇಲೂ 46 ಇದೆ, 18-46-0 ಎಂದು. ಇದು ಬೇರೆ 46. ಹಳೆಯ ರೂಢಿಯಂತೆ ರಂಜಕವನ್ನು ಅದರ ಆಕ್ಸೈಡಿನ ರೂಪದಲ್ಲಿ ಬರೆಯುತ್ತಾರೆ: ರಂಜಕ ಎರಡು, ಆಮ್ಲಜನಕ ಐದು. ರಂಜಕ 31, ಎರಡಕ್ಕೆ 62, ಆಮ್ಲಜನಕ 80, ಒಟ್ಟು 142. 46ರಲ್ಲಿ ನಿಜವಾದ ರಂಜಕ 20 ಮಾತ್ರ. ಪೊಟ್ಯಾಷ್ ಚೀಲದ 60 ಕೂಡ ಇದೇ ಬಗೆಯದು, ಪೊಟ್ಯಾಸಿಯಂ ಎರಡು, ಆಮ್ಲಜನಕ ಒಂದು ಎಂಬ ಲೆಕ್ಕ. ಪೊಟ್ಯಾಸಿಯಂ 39, ಕ್ಲೋರಿನ್ 35.5 ಎಂದು ಹಿಡಿದು ಇದನ್ನು ನೀವೇ ಬಿಡಿಸಿ. ಚೀಲದಲ್ಲಿ ನಿಜಕ್ಕೂ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಅದು ಅಪ್ಪಟವಾಗಿದ್ದರೆ ಪೊಟ್ಯಾಸಿಯಂ ನೂರಕ್ಕೆ 52.3 ಇರಬೇಕು. ಚೀಲದ 60 ಹೇಳುವುದು 49.8. ಅಂದರೆ ನೂರಕ್ಕೆ ಸುಮಾರು 95 ಪಾಲು ಪೊಟ್ಯಾಸಿಯಂ ಕ್ಲೋರೈಡ್, ಉಳಿದ 5 ಪಾಲು ಬೇರೆ ಏನೋ.