ಅಲುಗಾಡುವ ಗೋದಲಿ

(ಕ್ರಿಸ್ತಜಯಂತಿ ರಾತ್ರಿಯ ಬಲಿಪೂಜೆಯ ಪ್ರಬೋಧನೆ. ವಾಚನಗಳು: ಯೆಶಾಯ 9:1-6; ತೀತ 2:11-14; ಲೂಕ 2:1-14)



ಈ ರಾತ್ರಿ ದೇವಾಲಯಕ್ಕೆ ಬಂದ ನಾವೆಲ್ಲರೂ ಮೊದಲು ಎಲ್ಲಿ ನಿಂತೆವು? ಸುಳ್ಳು ಹೇಳುವುದು ಬೇಡ. ಬಲಿಪೀಠದ ಮುಂದಲ್ಲ, ಗೋದಲಿಯ ಮುಂದೆ. ಮಕ್ಕಳು ಹಗ್ಗದ ಮೇಲೆ ಬಾಗಿ ಎತ್ತು ಎಷ್ಟು ಸಲ ತಲೆ ತಿರುಗಿಸಿತೆಂದು ಎಣಿಸುತ್ತಿದ್ದರು. ದೊಡ್ಡವರು ಮೊಬೈಲ್ ಎತ್ತಿ ಹಿಡಿದು ನಕ್ಷತ್ರ ಹೊರಡುವುದನ್ನೇ ಕಾಯುತ್ತಿದ್ದರು. ಹಾಗೆ ನಿಂತದ್ದು ತಪ್ಪಲ್ಲ. ಕುರುಬರೂ ಆ ರಾತ್ರಿ ನೋಡಿಯೇ ಬರೋಣವೆಂದು ಹೊರಟವರು ಎಂದು ಸಂತ ಲೂಕರು ಬರೆಯುತ್ತಾರೆ. ಆದ್ದರಿಂದ ಇಂದಿನ ಧ್ಯಾನವೂ ಗೋದಲಿಯ ಬಳಿಯಿಂದಲೇ ಆರಂಭವಾಗಲಿ.

ಈ ಗೋದಲಿಯಲ್ಲಿ ಅಂಗಡಿಯಿಂದ ಕೊಂಡು ತಂದದ್ದು ಬಹಳ ಕಡಿಮೆ. ಹಿಂದಿರುವ ಬೆಟ್ಟ ಬೆತ್ಲೆಹೇಮಿನದ್ದಲ್ಲ, ನಮ್ಮ ಬಳ್ಳಾರಿ ಗುಡ್ಡ. ಸಿಮೆಂಟಿನ ಕಾಗದದ ಚೀಲಗಳನ್ನು ಮೈದಾ ಅಂಟಿನಲ್ಲಿ ಅದ್ದಿ, ಮುದುರಿ, ಬಿದಿರಿನ ತಡಿಕೆಯ ಮೇಲೆ ಹೊದಿಸಿದರೆ ಬಂಡೆ ತಾನಾಗಿಯೇ ಮೂಡುತ್ತದೆ. ಈ ಊರಿನ ಯುವಕರಿಗೆ ಬಂಡೆಯ ಬಣ್ಣವನ್ನು ಯಾರೂ ಕಲಿಸಬೇಕಾಗಿಲ್ಲ. ಇರುಳಿನ ಆಕಾಶ ಜೀನ್ಸ್ ಬಟ್ಟೆಯದು. ಹೊಲಿಗೆಯ ಕೆಲಸಕ್ಕೆ ಹೋಗುವ ನಮ್ಮ ತಾಯಂದಿರು ಉಳಿದ ಚಿಂದಿಗಳನ್ನು ತಂದು ಜೋಡಿಸಿ ಹೊಲಿದರು. ಎಡಗಡೆಯ ಮೂಲೆಯಲ್ಲಿ ಒಂದು ಜೇಬು ಹಾಗೇ ಉಳಿದುಬಿಟ್ಟಿದೆ. ಇರಲಿ ಎಂದೆವು. ಹುಲ್ಲು ಸಿರುಗುಪ್ಪದ ಭತ್ತದ್ದು. ಅಲ್ಲಿನ ನಮ್ಮ ಕುಟುಂಬಗಳು ಪ್ರತಿ ವರ್ಷ ಸುಗ್ಗಿಯ ಮೊದಲ ಹೊರೆಯಿಂದ ಒಂದು ಕಂತೆಯನ್ನು ಗೋದಲಿಗೆಂದೇ ಎತ್ತಿಡುತ್ತವೆ.

ಎತ್ತು ಮಾತ್ರ ಕುರುಗೋಡಿನದು. ಅದನ್ನು ಮಾಡಿದ ಹುಡುಗ ಹುಟ್ಟಿದಂದಿನಿಂದ ನೋಡಿದ ಎತ್ತೆಂದರೆ ಅಲ್ಲಿನ ದೊಡ್ಡ ಬಸವೇಶ್ವರ. ಹಾಗಾಗಿ ನಮ್ಮ ಗೋದಲಿಯ ಎತ್ತೂ ಕಾಲು ಮಡಚಿ, ಇಣಿ ಎತ್ತಿ, ಕೊರಳಿಗೆ ಗಂಟೆಯ ಸರ ಹಾಕಿಕೊಂಡು ಗಂಭೀರವಾಗಿ ಕುಳಿತಿದೆ. "ಇದು ಬಸವಣ್ಣನ ಹಾಗೆ ಕಾಣುತ್ತದೆ ಫಾದರ್" ಎಂದು ಕೆಲವರು ಆಕ್ಷೇಪಿಸಿದರು. ಎತ್ತಿಗೆ ತನ್ನ ಒಡೆಯ ಯಾರೆಂದು ಗೊತ್ತು, ಜನಕ್ಕೆ ಗೊತ್ತಿಲ್ಲ ಎಂಬ ನೋವಿನೊಂದಿಗೆ ಪ್ರವಾದಿ ಯೆಶಾಯರ ಗ್ರಂಥ ಆರಂಭವಾಗುತ್ತದೆ. ಗೋದಲಿಗೆ ಎತ್ತು ಬಂದದ್ದು ಆ ವಾಕ್ಯದಿಂದ. ಲೂಕರು ಬರೆದ ಜನನದ ಕಥೆಯಲ್ಲಿ ಎತ್ತಿನ ಮಾತೇ ಇಲ್ಲ. ನೆರೆಯವರು ಗೌರವಿಸುವ ರೂಪದಲ್ಲಿ ಅದು ನಮ್ಮ ಪ್ರಭುವಿನ ಮುಂದೆ ಕುಳಿತರೆ ನಮಗೇನು ನಷ್ಟ?

ಆ ಎತ್ತು ತಲೆ ತಿರುಗಿಸುವುದು ಹೇಗೆಂದು ಮಕ್ಕಳು ಕೇಳುತ್ತಲೇ ಇದ್ದಾರೆ. ಗುಟ್ಟೇನೂ ಇಲ್ಲ. ಅದರ ಹೊಟ್ಟೆಯೊಳಗೆ ರೆಕ್ಕೆ ಕಳಚಿದ ಹಳೆಯ ಟೇಬಲ್ ಫ್ಯಾನ್ ಇದೆ. ಫ್ಯಾನಿನ ಕತ್ತು ಅತ್ತ ಇತ್ತ ತಿರುಗುವ ಗೇರನ್ನೇ ಎತ್ತಿನ ಕತ್ತಿಗೆ ಕಟ್ಟಿದ್ದಾರೆ. ದೇವದೂತನ ಕೈ ಮೇಲೇಳುವುದು ಗುಜರಿಯಿಂದ ತಂದ ಕಾರಿನ ವೈಪರ್ ಮೋಟರಿನಿಂದ. ಮೋಟರು ಜೋರಾಗಿ ತಿರುಗಿದರೂ ಅದರೊಳಗಿನ ಹಲ್ಲಿನ ಗಾಲಿ ಆ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತದೆ. ಅದರ ತುದಿಗೆ ಒಂದು ತೋಳು, ತೋಳಿಗೆ ಒಂದು ಸರಳು ಸಿಕ್ಕಿಸಿದರೆ ಸುತ್ತುವ ಚಲನೆ ಹಿಂದೆ ಮುಂದೆ ಆಡುವ ಚಲನೆಯಾಗುತ್ತದೆ. ಮಳೆಯಲ್ಲಿ ಗಾಜು ಒರೆಸುತ್ತಿದ್ದ ಮೋಟರು ಈಗ ಕುರುಬರಿಗೆ ದಾರಿ ತೋರಿಸುತ್ತಿದೆ. ನಕ್ಷತ್ರವನ್ನು ಎಳೆಯುವುದು ಸೈಕಲ್ಲಿನ ರಿಮ್ಮು. ಸಣ್ಣ ರಾಟೆಯಿಂದ ದೊಡ್ಡ ರಿಮ್ಮಿಗೆ ರಬ್ಬರ್ ಪಟ್ಟಿ ಹಾಕಿದ್ದರಿಂದಲೇ ಅದು ಅಷ್ಟು ನಿಧಾನವಾಗಿ ಆಕಾಶ ದಾಟುವುದು. ತೊರೆಯ ನೀರನ್ನು ಮೀನಿನ ತೊಟ್ಟಿಯ ಪಂಪು ಮೇಲಕ್ಕೆ ಎತ್ತುತ್ತದೆ.

ಅಮೆರಿಕದಲ್ಲಿರುವ ನಮ್ಮೂರಿನ ಕುಟುಂಬವೊಂದು ಕಳಿಸಿದ ವಿಡಿಯೋದಲ್ಲಿ ಇದೇ ವೈಪರ್ ಮೋಟರು ಮನೆಯ ಅಂಗಳದಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆಗೆದು ಅಸ್ಥಿಪಂಜರವನ್ನು ಎಬ್ಬಿಸುತ್ತಿತ್ತು. ಅಕ್ಟೋಬರ್ 31ರ ಹ್ಯಾಲೋವೀನ್ ಅದು. ಆ ಹೆಸರು ಹುಟ್ಟಿದ್ದೇ ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಎಂಬ ಅರ್ಥದಿಂದ ಎಂದರೆ ನಮ್ಮ ಯುವಕರು ನಂಬಲೊಲ್ಲರು. ಅಲ್ಲಿ ಸತ್ತವರು ಏಳುವುದು ಹೆದರಿಸಲು. ನಾವು ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವುದು ಹೆದರಿಕೆ ಹೋಗಲೆಂದು. ಮೋಟರಿಗೆ ಈ ವ್ಯತ್ಯಾಸ ತಿಳಿಯದು, ಕಟ್ಟುವವರಿಗೆ ತಿಳಿದಿರಬೇಕು. ಬೆಳಕನ್ನೂ ಗೊಂಬೆಯನ್ನೂ ಕೂಡಿಸಿ ಕಥೆ ಹೇಳುವ ವಿದ್ಯೆಗೆ ನಮ್ಮ ಜಿಲ್ಲೆ ಯಾರ ಬಳಿಯೂ ಸಾಲ ಮಾಡಬೇಕಾಗಿಲ್ಲ. ತೊಗಲುಗೊಂಬೆಯ ನಾಡು ಇದು. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಒಂದು ಪರದೆಯ ಹಿಂದೆ ನಿಂತು ರಾಮಾಯಣವನ್ನೂ ಗಾಂಧೀಜಿಯನ್ನೂ ನಡೆಸಿದವರು.

ಇಷ್ಟು ಸಂತೋಷದಿಂದ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಅದನ್ನು ಬಲ್ಲವರು ಇಲ್ಲಿ ಹಲವರಿದ್ದೀರಿ. ಇದುವರೆಗೆ ನಾವು ಅದನ್ನು ಈ ಪೀಠದಿಂದ ಆಡಲಿಲ್ಲ.

2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಗ್ರೆಚ್ಚೊ ಎಂಬ ಪುಟ್ಟ ಊರಿಗೆ ಹೋಗಿ ಗೋದಲಿಯ ಕುರಿತಾದ ಒಂದು ಪತ್ರಕ್ಕೆ ಸಹಿ ಹಾಕಿದರು. ಮನೆ, ಶಾಲೆ, ಆಸ್ಪತ್ರೆ, ಚೌಕಗಳಲ್ಲೂ ಗೋದಲಿ ಕಟ್ಟುವ ಪದ್ಧತಿ ಉಳಿಯಲಿ ಎಂಬುದು ಅವರ ಆಶೆ. ಅದನ್ನು ನಾವು ಇಲ್ಲಿ ಓದಿದೆವು, ಉತ್ಸಾಹಗೊಂಡೆವು. ಆ ವರ್ಷ ಗೋದಲಿ ಸ್ಪರ್ಧೆಯೂ ಇತ್ತು. ಗೆಲ್ಲಲೇಬೇಕೆಂದುಕೊಂಡೆವು. ಸಾವಿರಕ್ಕೂ ಹೆಚ್ಚು ದೀಪ, 230 ವೋಲ್ಟಿನ ಸೀರಿಯಲ್ ಸೆಟ್ಟುಗಳು, ಒಂದರ ಬಾಲಕ್ಕೆ ಇನ್ನೊಂದು. ವೈರುಗಳನ್ನು ಹೊಸೆದು, ಟೇಪು ಸುತ್ತಿ, ಹುಲ್ಲಿನ ಕೆಳಗೆ ಮುಚ್ಚಿಬಿಟ್ಟೆವು. ಅದರ ಪಕ್ಕದಲ್ಲೇ ತಟ್ಟೆಗಳಲ್ಲಿ ರಾಗಿ, ಗೋಧಿಯ ಪೈರು. ಆಗಮನ ಕಾಲದಲ್ಲಿ ಬಿತ್ತಿ ಹಬ್ಬಕ್ಕೆ ಹಸಿರಾಗುವ ಆ ಪೈರಿಗೆ ದಿನಾ ಸಂಜೆ ನೀರು ಚಿಮುಕಿಸುತ್ತಿದ್ದವರೂ ನಾವೇ. ಹುಲ್ಲು ಒದ್ದೆಯಾಗುತ್ತಾ ಬಂತು. ಯಾರೂ ಕೈಯಿಟ್ಟು ನೋಡಲಿಲ್ಲ.

ಹಬ್ಬವಾಗಿ ಮೂರನೆಯ ದಿನ ಪಕ್ಕದ ಬೀದಿಯ ಹುಡುಗನೊಬ್ಬ ನೋಡಲು ಬಂದ. ಹನ್ನೊಂದು ವರ್ಷ. ನಮ್ಮ ಸಭೆಯವನಲ್ಲ. ಒಂದು ಕುರಿಮರಿ ಮಗುಚಿ ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸೋಣವೆಂದು ಹಗ್ಗದ ಕೆಳಗೆ ಕೈ ಚಾಚಿದ. ಒದ್ದೆ ಹುಲ್ಲು, ಸಡಿಲ ಟೇಪು. ನಮ್ಮ ಉಪದೇಶಿಗಳು ಓಡಿಹೋಗಿ ಮೇನ್ ಸ್ವಿಚ್ ಕೆಡವದಿದ್ದರೆ ಇಂದು ಈ ಮಾತಿನ ರೀತಿಯೇ ಬೇರೆ ಇರುತ್ತಿತ್ತು. ಮಗು ಉಳಿಯಿತು. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟು ಹೃದಯದ ಬಡಿತ ನೋಡಿದರು. ಬಲಗೈಯ ಅಂಗೈ ಸುಟ್ಟಿತ್ತು. ಕಿರುಬೆರಳು ಇಂದಿಗೂ ನೆಟ್ಟಗಾಗಿಲ್ಲ.

ಆಸ್ಪತ್ರೆಯಲ್ಲಿ ಅವನ ತಾಯಿ ಕೂಗಾಡಲಿಲ್ಲ. "ನಿಮ್ಮ ಗೊಂಬೆ ಕೈ ಎತ್ತೋಕೆ ನನ್ನ ಮಗನ ಕೈ ಬೇಕಿತ್ತಾ ಫಾದರ್?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇದು ಅಜಾಗರೂಕತೆ. ಪಾಪ ನಡೆದದ್ದು ಮರುದಿನ. ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ಆ ಒಂದು ಸೆಟ್ಟನ್ನು ಕಿತ್ತೆಸೆದು, ಉಳಿದವಕ್ಕೆ ಹೊಸ ಟೇಪು ಸುತ್ತಿ, ಕುರಿಮರಿಯನ್ನು ನಿಲ್ಲಿಸಿ ಎಲ್ಲವನ್ನೂ ಓಡಿಸಿ ತೋರಿಸಿದೆವು. ನಡೆದದ್ದನ್ನು ಅವರಿಗೆ ಹೇಳಲಿಲ್ಲ. ಎರಡನೆಯ ಬಹುಮಾನ ಬಂತು. ಚಪ್ಪಾಳೆ ತಟ್ಟಿದೆವು. ಛತ್ರದಲ್ಲಿ ಸ್ಥಳವಿರಲಿಲ್ಲ ಎಂದು ಈ ರಾತ್ರಿಯ ಶುಭಸಂದೇಶ ಹೇಳುವಾಗ ಆ ಛತ್ರದವರನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ. ಅವರಾದರೋ ಬಾಗಿಲಲ್ಲೇ ಇಲ್ಲವೆಂದರು. ನಾವು ಬನ್ನಿ ಎಂದು ಕರೆದು ದೀಪ ತೋರಿಸಿ ಸುಟ್ಟೆವು.

2020ರಲ್ಲಿ ಕೊರೋನಾ. ಜನ ಸೇರುವಂತಿರಲಿಲ್ಲ, ದೊಡ್ಡ ಗೋದಲಿಯ ಮಾತೇ ಇರಲಿಲ್ಲ. ಒಂದು ಮರದ ಮೇವಿನ ತೊಟ್ಟಿ, ಹಿಡಿ ಹುಲ್ಲು, ಒಂದು ಎಣ್ಣೆ ದೀಪ, ಅಷ್ಟೇ. ಆ ವರ್ಷ ಗ್ರೆಚ್ಚೊದ ಕಥೆಯನ್ನು ಮತ್ತೆ ಓದಿದಾಗ ಹಿಂದೆ ಕಾಣದ್ದು ಕಂಡಿತು. 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಅಲ್ಲಿ ಸಿದ್ಧಪಡಿಸಿದ್ದು ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ. ಗೊಂಬೆಗಳಿರಲಿಲ್ಲ. ಸುತ್ತಲಿನ ಊರಿನ ಜನ ದೀವಟಿಗೆ, ಮೇಣದಬತ್ತಿ ಹಿಡಿದು ಬಂದರು. ಅವರೇ ಬೆಳಕು, ಅವರೇ ಕುರುಬರು. ಆ ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸರು ಗುರುಗಳಾಗಿರಲಿಲ್ಲ, ಸೇವಾದರ್ಶಿ ಮಾತ್ರ. ಶುಭಸಂದೇಶ ಹಾಡಿ ಪ್ರಬೋಧಿಸಿದರು. ಅವರ ಜೀವನಚರಿತ್ರೆ ಬರೆದ ಚೆಲಾನೊದ ತೋಮಸರು ಹೇಳುವಂತೆ, ಅಲ್ಲಿದ್ದ ಒಬ್ಬರಿಗೆ ಖಾಲಿ ತೊಟ್ಟಿಯಲ್ಲಿ ಮಗುವೊಂದು ಮಲಗಿದ್ದು ಕಂಡಿತು. ನಮ್ಮ ತೊಟ್ಟಿಯಲ್ಲಿ ಆ ವರ್ಷ ನಮಗೆ ಕಂಡದ್ದು ಸುಟ್ಟ ಅಂಗೈ.

ಇನ್ನು ಮುಂದೆ ಅಲುಗಾಡುವ ಗೋದಲಿ ಬೇಡವೆಂದು ತೀರ್ಮಾನಿಸಿದ್ದೆವು. 2021ರ ಆಗಮನ ಕಾಲದ ಒಂದು ಸಂಜೆ ಆ ಹುಡುಗನ ತಂದೆಯೇ ಬಂದರು. ಮೋಟರ್ ವೈಂಡಿಂಗ್ ಅವರ ಕಸುಬು. ಗಣೇಶನ ಪೆಂಡಾಲುಗಳಲ್ಲಿ ಓಡುವ ದೀಪದ ರೋಲರ್ ಮಾಡಿದ ಕೈ ಅದು: ತಿರುಗುವ ಮರದ ಉರುಳೆಗೆ ತಾಮ್ರದ ಪಟ್ಟಿ ಬಡಿದು, ಪಟ್ಟಿ ತಾಗಿದಾಗ ಒಂದು ಸಾಲು ಹತ್ತಿ, ತಪ್ಪಿದಾಗ ಆರುವಂತೆ ಮಾಡುವುದು. "ಮಗ ಕೇಳ್ತಾನೆ, ಈ ಸಲ ಯಾಕೆ ಮಾಡ್ತಿಲ್ಲ ಅಂತ. ವೈರಿಂಗ್ ನಾನು ಮಾಡ್ತೀನಿ. ನೀವು ಮುಟ್ಟಬೇಡಿ" ಎಂದರು. ಕ್ಷಮಿಸಿದ್ದೇನೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳುವ ಧೈರ್ಯ ಮಾಡಲಿಲ್ಲ. ಚಹಾ ಕುಡಿದು ಟೆಸ್ಟರ್ ತೆಗೆದರು.

ಅಂದಿನಿಂದ ಈ ಗೋದಲಿಯ ದೀಪಗಳೆಲ್ಲ 12 ವೋಲ್ಟಿನ ಎಲ್‌ಇಡಿ. ಕರೆಂಟು ಇಳಿಸುವ ಪೆಟ್ಟಿಗೆ ಗೋಡೆಯ ಆಚೆ, ನೆಲದಿಂದ ಎತ್ತರದಲ್ಲಿದೆ. ಫ್ಯಾನು ಮತ್ತು ಪಂಪು ಮಾತ್ರ ದೊಡ್ಡ ಕರೆಂಟಿನವು. ಅವುಗಳ ದಾರಿಯಲ್ಲಿ, 30 ಮಿಲಿ ಆಂಪಿಯರ್ ಸೋರಿದರೂ ತಾನೇ ಬಿದ್ದುಹೋಗುವ ಸ್ವಿಚ್ ಕೂರಿಸಿದ್ದಾರೆ. ಪೈರಿನ ತಟ್ಟೆಗಳು ಬಲಿಪೀಠದ ಮೆಟ್ಟಿಲಿಗೆ ಬಂದವು. ನೀರು ಒಂದು ಕಡೆ, ಕರೆಂಟು ಒಂದು ಕಡೆ ಎಂಬುದು ಅವರ ಕಟ್ಟಳೆ. ತೊರೆಯನ್ನು ಬೇಡವೆಂದೇ ಹೇಳಿದ್ದರು. ಮಕ್ಕಳು ಹಠ ಹಿಡಿದ ಮೇಲೆ ಪ್ಲಾಸ್ಟಿಕ್ ತೊಟ್ಟಿಯೊಳಗೆ ಅದನ್ನು ಪ್ರತ್ಯೇಕವಾಗಿ ಬಂಧಿಸಿಟ್ಟರು.

ಷೀಲ್ಡನ್ನು ಹಿಂತಿರುಗಿಸಲು ಹೋದಾಗ "ಹಳೆಯ ಮಾತು ಬಿಡಿ ಫಾದರ್" ಎಂದು ನಕ್ಕು ಕಳಿಸಿದರು. ನಮಗೆ ಬಿಡಲಾಗಲಿಲ್ಲ. ಪೂಜಾವಸ್ತ್ರಗಳ ಬೀರುವಿನಲ್ಲಿ ಅದು ಗೋಡೆಗೆ ಮುಖ ಮಾಡಿ ನಿಂತಿದೆ.

ಹುಡುಗ ಈಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾನೆ. ಈ ವರ್ಷ ನಕ್ಷತ್ರ ನಿಂತು ನಿಂತು ಮಿನುಗುವುದಕ್ಕೆ ಅವನು ಹಾಕಿದ ಪುಟ್ಟ ಚಿಪ್ಪು ಕಾರಣ. ಅವನ ತಾಯಿ ಮಾತ್ರ ಗೋದಲಿಯ ಹತ್ತಿರ ಬರುವುದಿಲ್ಲ. ಪ್ರತಿ ವರ್ಷ ಗೇಟಿನವರೆಗೆ ಬಂದು, ಅಲ್ಲಿಂದಲೇ ನೋಡಿ ಹೋಗುತ್ತಾರೆ. ಈ ರಾತ್ರಿಯೂ ನಿಂತಿದ್ದಾರೆ. ಹೊರಗೆ ಹೋಗುವಾಗ ಅವರನ್ನು ಒಳಗೆ ಕರೆದು ಒತ್ತಾಯಿಸಬೇಡಿ. ಚಳಿಯಿದೆ, ಕೇಕು, ಚಹಾ ಮೊದಲು ಅಲ್ಲಿಗೆ ಹೋಗಲಿ.

ಬಲಿಪೂಜೆಯ ನಂತರ ಬಾಲಯೇಸುವನ್ನು ತೊಟ್ಟಿಯಲ್ಲಿ ಮಲಗಿಸುತ್ತೇವೆ. ಅದಕ್ಕೆ ಮೊದಲು ಎಲ್ಲ ಮೋಟರು, ಎಲ್ಲ ದೀಪ ಒಂದು ನಿಮಿಷ ಆರಿರುತ್ತವೆ. ಕರೆಂಟು ಹೋಯಿತೆಂದು ಗಾಬರಿಯಾಗಬೇಡಿ, ಮೊಬೈಲ್ ದೀಪ ಹಚ್ಚಬೇಡಿ. ಸ್ವಿಚ್ಚಿನ ಬಳಿ ಆ ಹುಡುಗನಿದ್ದಾನೆ. ಚಿಕ್ಕ ಮಕ್ಕಳನ್ನು ಮುಂದೆ ಬಿಡಿ, ಹಗ್ಗದ ಒಳಗೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ.

ಈಗ ವಿಶ್ವಾಸ ಪ್ರಮಾಣಕ್ಕೆ ಎದ್ದು ನಿಲ್ಲೋಣ. ದೇವಪುತ್ರರು ಮನುಷ್ಯರಾದರು ಎಂಬ ಮಾತು ಬಂದಾಗ ಬೇರೆ ದಿನಗಳಂತೆ ಬರಿದೇ ತಲೆಬಾಗುವುದಲ್ಲ, ಈ ರಾತ್ರಿ ಮೊಣಕಾಲೂರಬೇಕು. ವಯಸ್ಸಾದವರು ಕುಳಿತಲ್ಲೇ ತಲೆಬಾಗಿದರೆ ಸಾಕು.