ದಾರಿ ಕೇಳುವ ಮೊದಲು ಗಾಲಿ ನೋಡೋಣ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಘಟ್ಟದ ರಸ್ತೆಯನ್ನು ಅಗಲಗೊಳಿಸಬೇಕೇ ಬೇಡವೇ ಎಂದು ನೀವು ಚರ್ಚಿಸುತ್ತಿದ್ದೀರಿ. ಬಯಲುಸೀಮೆಯವನಾದ ನಾನು ಅದರಲ್ಲಿ ತೀರ್ಪು ಹೇಳಲಾರೆ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ದಾರಿಗಳಲ್ಲಿ ಓಡುವ ವಾಹನಗಳ ವಿಚಾರ ಹೇಳಿದರೆ ನಿಮ್ಮ ಚರ್ಚೆಗೆ ಒದಗೀತು.

ನಮ್ಮ ಎರೆಹೊಲಕ್ಕೆ ಒಗ್ಗಿದ ವಾಹನ ಚಕ್ಕಡಿ. ಜಾಲಿಯ ಕಟ್ಟಿಗೆಯಿಂದ ಬಡಿಗನು ಗಾಲಿ ಮಾಡುವನು. ಕಮ್ಮಾರನು ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರೆರೆಯುವನು. ಹಳಿ ಕುಗ್ಗಿ ಅರಗಳೆಲ್ಲ ಬಿಗಿಯುತ್ತವೆ. ಗೊಬ್ಬರ, ಮೇವು, ರಾಶಿಯ ಚೀಲಗಳಿಗೆ ಅದು ಸಾಕು. ಬನಶಂಕರಿ ಜಾತ್ರೆಗೆ ಮನೆಮಂದಿಯೆಲ್ಲ ಹೋಗುವುದಕ್ಕೂ ಅದೇ. ಆ ರಥದ ಹಗ್ಗವು ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಇಂದಿಗೂ ಹಳಿಬಂಡಿಯಲ್ಲೇ ಬರುತ್ತದೆ. ಹಾಗೆಂದು ಚಕ್ಕಡಿಯನ್ನು ಅತಿಯಾಗಿ ಹೊಗಳಬೇಕಿಲ್ಲ. ಅದರ ಕಿರಿದಾದ ಹಳಿ ತೆಳು ಡಾಂಬರನ್ನು ಕೊರೆಯುತ್ತದೆ. ರಬ್ಬರಿನ ಗಾಲಿಯ ಬಂಡಿ ಬಂದದ್ದು ಒಳ್ಳೆಯದೇ ಆಯಿತು.

ಬಾದಾಮಿಯ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರು ದೂರ. ಈ ಅಂತರಕ್ಕೆಂದೇ ಟಾಂಗಾಗಳಿದ್ದವು. ಅವುಗಳ ಕೆಲಸವನ್ನು ಈಗ ಆಟೋ ಮತ್ತು ಟಂಟಂಗಳು ಮಾಡುತ್ತಿವೆ. ಇಳಕಲ್ಲು, ಹುನಗುಂದಗಳಿಗೆ ರೈಲೇ ಇಲ್ಲ. ಅಲ್ಲಿ ಬಸ್ಸೇ ಆಧಾರ. ನೇಕಾರನ ಸೀರೆಯ ಗಂಟೂ ಕಾಲೇಜಿನ ಹುಡುಗಿಯೂ ಒಂದೇ ಬಸ್ಸಿನಲ್ಲಿ ಸಾಗುತ್ತಾರೆ.

ಇನ್ನು ಟ್ರ್ಯಾಕ್ಟರ್. ಉಳುವುದಕ್ಕೆ ಬಂದ ಯಂತ್ರವಿದು. ಕಬ್ಬು ಅರೆಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿಗಳ ಕಡೆ ಇದೇ ಯಂತ್ರ ಎರಡೆರಡು ಟ್ರೇಲರು ಕಟ್ಟಿಕೊಂಡು ರಾತ್ರಿಯಿಡೀ ರಸ್ತೆಯಲ್ಲಿರುತ್ತದೆ. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರಿಗೆ ಕತ್ತಲಲ್ಲಿ ಬೈಕು ಗುದ್ದಿದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಇಳಕಲ್ಲಿನ ಕೆಂಪು ಗ್ರಾನೈಟು ಬೇರೆಯೇ ಮಾತು. ಒಂದು ಘನ ಮೀಟರು ಕಲ್ಲಿನ ತೂಕ ಸುಮಾರು 2.7 ಟನ್. ಮೂರು ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಅಷ್ಟೇ ಎತ್ತರದ ಒಂದು ದಿಮ್ಮಿ 18 ಟನ್ ಆಗುತ್ತದೆ. ಲಾರಿಯ ಸ್ವಂತ ತೂಕ ಸೇರಿದರೆ ಹತ್ತು ಗಾಲಿಯ ಲಾರಿಗಿರುವ 28.5 ಟನ್ನಿನ ಮಿತಿ ಹತ್ತಿರವಾಯಿತು. ಒಂದೇ ಕಲ್ಲಿಗೆ ಒಂದು ಲಾರಿ! ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ಆ ಊರನ್ನೇ ಹಾಯ್ದಿರುವುದರಿಂದ ಹೇಗೋ ಹೊರುತ್ತದೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದದ್ದಿಷ್ಟು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಹೆಚ್ಚಿದ ಭಾರ ನೂರಕ್ಕೆ ಹದಿಮೂರು; ಇದೇ ಲೆಕ್ಕದಲ್ಲಿ ಸವೆತ ನೂರಕ್ಕೆ ಅರವತ್ತು. ಒಣಸೀಮೆಯ ಗಟ್ಟಿ ನೆಲದ ರಸ್ತೆಗೇ ಇದು ಕಷ್ಟ. ಮಳೆಗಾಲವಿಡೀ ಬುಡ ನೆನೆದಿರುವ ನಿಮ್ಮ ಘಟ್ಟದ ರಸ್ತೆಯ ಗತಿಯೇನು? 2000ರ ದಶಕದಲ್ಲಿ ಬಳ್ಳಾರಿಯ ಅದಿರು ಲಾರಿಗಳು ಅರಬೈಲ್ ಘಟ್ಟವಿಳಿದು ಬೇಲೆಕೇರಿ ಬಂದರಿಗೆ ಸಾಲುಗಟ್ಟಿದ್ದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಷೇಧಿಸುವವರೆಗೂ ಆ ಸಾಲು ಇತ್ತು.

ನಾವು ರಸ್ತೆ ಬೇಡುವುದು ಬಾಣಂತಿಗಾಗಿ, ಶಾಲೆಯ ಮಕ್ಕಳಿಗಾಗಿ. 2008ರಲ್ಲಿ ಆರಂಭವಾದ 108 ಆಂಬುಲೆನ್ಸಿಗೆ ಬೇಕಾದುದು ಗುಂಡಿಯಿಲ್ಲದ ದಾರಿ, ಕೊಚ್ಚಿಹೋಗದ ಮೋರಿ, ಎದುರು ವಾಹನಕ್ಕೆ ಸರಿದು ನಿಲ್ಲುವಷ್ಟು ಜಾಗ. ನಾಲ್ಕು ಪಥ ಬೇಡುವುದು ಬೇರೆ ಗಾಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಸರದಿಯಂತೆ ಒಂದು ಹಗಲು, ಒಂದು ರಾತ್ರಿ ರಸ್ತೆಯ ಬದಿಗೆ ಕುಳಿತು ಬರೆದುಕೊಳ್ಳಿ. ವಾಹನಗಳನ್ನಷ್ಟೇ ಎಣಿಸಬೇಡಿ, ಅಚ್ಚುಗಳನ್ನು ಎಣಿಸಿ. ಹೊತ್ತದ್ದೇನು, ಎಲ್ಲಿಂದ ಎಲ್ಲಿಗೆ, ನಿಮ್ಮ ಊರಲ್ಲಿ ನಿಂತಿತೇ, ನಿಲ್ಲದೆ ಹೋಯಿತೇ ಎಂಬುದನ್ನೂ ಗುರುತಿಸಿ. ಆ ಹಾಳೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿರಿ.