ಸೊಪ್ಪಿನಬೆಟ್ಟದ ರಕ್ಷಣೆ
(ಅಡಕೆ ಬೆಳೆಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟವು ಬ್ರಿಟಿಷರ ಕಾಲದಿಂದ ದೊರೆತಿರುವುದನ್ನು ತಾವು ಬಲ್ಲಿರಿ. ಸೊಪ್ಪಿನ ಹಕ್ಕು ತಮ್ಮದು, ಭೂಮಿಯು ಸರ್ಕಾರದ್ದು. ಅದರಿಂದಲೇ ಏನೋ, ತೋಟದ ಮರಕ್ಕೆ ತೋರುವ ಮಮತೆಯು ಬೆಟ್ಟದ ಮರಕ್ಕೆ ದೊರೆಯುತ್ತಿಲ್ಲ.

ಮತ್ತಿ, ಹೊನ್ನೆ, ಕಿಂದಲ ಮರಗಳನ್ನು ವರ್ಷವರ್ಷವೂ ತುದಿಯವರೆಗೆ ಬೋಳಿಸಿದರೆ ಅವು ಬೀಜ ಕಟ್ಟುವುದೆಂತು? ಬೀಜವಿಲ್ಲದಲ್ಲಿ ಸಸಿಯೆಲ್ಲಿಯದು? ನೆರಳೂ ತರಗೂ ಹೋದ ನೆಲಕ್ಕೆ ಮಳೆಯ ಹನಿಯು ನೇರವಾಗಿ ಬಡಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುವುದು. ಕೆಳಗಿನ ಜಂಬಿಟ್ಟಿಗೆಯು ಬಿಸಿಲಿಗೆ ಬಿದ್ದು ಕಲ್ಲಿನಂತೆ ಗಟ್ಟಿಯಾಗುವುದು. ಅನಂತರ ನೀರು ಇಂಗದು. ಬೆಟ್ಟದ ಬುಡದ ತೋಟಕ್ಕೆ ಬೇಸಗೆಯಲ್ಲಿ ನೀರು ಬರುವುದು ಆ ಬೆಟ್ಟದ ಒಡಲಿನಿಂದಲೇ ಅಲ್ಲವೆ?

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಸೆ ಕಾಡಿನಲ್ಲಿ ಗುತ್ತಿಗೆದಾರನ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳುವಳಿಯೆಂದು ಅದು ಹೆಸರಾಯಿತು. ಪರರ ಕೊಡಲಿಯನ್ನು ತಡೆದ ಸೀಮೆಗೆ ಸ್ವಂತ ಕತ್ತಿಯನ್ನು ಹಿಡಿತದಲ್ಲಿಡುವುದು ಕಷ್ಟವಾಗಲಾರದು.

ಸೊಪ್ಪನ್ನೇ ತರಬೇಡಿರೆಂದು ನಾನು ಹೇಳಬಂದವನಲ್ಲ. ಸೊಪ್ಪಿಲ್ಲದೆ ಕೊಟ್ಟಿಗೆ ಗೊಬ್ಬರವೇ ಇಲ್ಲ. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಕಡಿಯಿರಿ. ತುದಿಯ ಕೊಂಬೆಗಳನ್ನು ಮುಟ್ಟದಿರಿ. ಕೊರತೆ ಬೀಳುವ ಸೊಪ್ಪಿಗೆ ಬದಲಾಗಿ ತೋಟದಲ್ಲಿಯೇ ಉದುರುವ ಸೋಗೆ, ಹಾಳೆಗಳನ್ನೂ ಅಡಕೆಯ ಸಿಪ್ಪೆಯನ್ನೂ ಸುಡದೆ ಗೊಬ್ಬರದ ಗುಂಡಿಗೆ ತುಂಬಿರಿ.